ಗುಳಿಗೆಗೆ ಪ್ರಸಾದ ಕೇಳಿದ್ದು

ಬೇಲೆಕೇರಿ
೨೧ ಜೂನ್ ೨೦೨೫, ಶನಿವಾರ, ಮಧ್ಯಾಹ್ನ

ಚಿರಂಜೀವಿ ರಂಜನಾಗೆ ಆಯಿಯ ಆಶೀರ್ವಾದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಪತ್ರದ ಕೊನೆಗೆ ಬರುವಷ್ಟರಲ್ಲಿ ನಿನಗೆ ನನ್ನ ಆಶೀರ್ವಾದ ಬೇಕೆನಿಸುತ್ತದೋ ಇಲ್ಲವೋ ಗೊತ್ತಿಲ್ಲ.

ನಿನ್ನೆ ನೀನು ಕಳಿಸಿದ ಮೆಸೇಜು ಮೂರು ಸಲ ಓದಿದೆ. ಆಯಿ, ನೀನು ಹೇಳಿದ್ದೇ ಖರೆ, ಆ ಅಗ್ಗದ ಗುಳಿಗೆ ಕೊಟ್ಟು ನನ್ನ ಮಗಳಿಗೆ ನಾನೇ ಫಿಟ್ಸ್ ತಂದೆ ಎಂದು ಬರೆದಿದ್ದೀಯ. ಫೆಬ್ರುವರಿಯಿಂದ ಈ ಮಾತಿಗೆ ಕಾದಿದ್ದೆ ಮಾರಾಯ್ತಿ. ಬಿ.ಎಸ್ಸಿ. ಪಾಸಾದ ಮಗಳು, ನನಗೇ ಬುದ್ಧಿ ಹೇಳಲು ಬಂದವಳು, ಕೊನೆಗೂ ಸೋತೆ ಎಂದಳು. ಸಂತೋಷಪಡೋಣ ಎಂದು ಚಾ ಮಾಡಿಕೊಂಡು ಜಗಲಿಯ ಮೇಲೆ ಕೂತೆ. ಸಂತೋಷ ಬರಲಿಲ್ಲ. ಚಾ ತಣ್ಣಗಾಯಿತು, ಚೆಲ್ಲಿದೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ, ಇದೆಂಥ ಹಳೇ ಕಾಲದ ಪತ್ರ ಎಂದು ನಿನ್ನ ಗಂಡ ಸೂರಜ್ ನಗುತ್ತಾನೆ. ನಗಲಿ. ನಿನ್ನೆ ಮೂರು ಸಲ ಫೋನ್ ಮಾಡಿದೆ. ಮೊದಲ ಸಲ ಒಣಮೀನಿನ ಮಾತಾಡಿದೆ, ಎರಡನೇ ಸಲ ಸೂರಜನನ್ನು ಬೈದೆ, ಮೂರನೇ ಸಲ ನೀನು ಅಳುತ್ತಿದ್ದೆ, ಅಳಬೇಡ ಎಂದು ಹೇಳಿ ಇಟ್ಟೆ. ಫೋನಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವಳು ನಾನು, ರಿಪೋರ್ಟ್ ಬರೆದು ಅಭ್ಯಾಸ. ಕಾಗದದ ಮೇಲೆ ಒಂದು ಸಲ ಬರೆದರೆ ಹಿಂದೆ ಸರಿಯುವುದಿಲ್ಲ. ನಮ್ಮೂರ ಮಧುಕರ ನಾಳೆ ಬೆಳಗಿನ ಬಸ್ಸಿಗೆ ಕಂಡಕ್ಟರ್ ಡ್ಯೂಟಿಯಲ್ಲಿ ಕಾರವಾರಕ್ಕೆ ಬರುತ್ತಾನೆ, ಶಿರವಾಡದಲ್ಲಿ ಇಳಿದು ನಿನ್ನ ಕೈಗೇ ಕೊಡಬೇಕು, ಸೂರಜನ ಕೈಗೆ ಕೊಟ್ಟರೆ ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದು ಹೇಳಿದ್ದೇನೆ. ಸೋಮವಾರ ಡಾಕ್ಟರ ಹತ್ತಿರ ಹೋಗುವ ಮೊದಲು ನೀನು ಇದನ್ನು ಪೂರ್ತಿ ಓದಬೇಕು. ಅರ್ಧಕ್ಕೆ ಬಿಸಾಡಬೇಡ.

ಮೊದಲು ನನಗೆ ಬೈಯಲು ಬಿಡು. ಬೈಯದೆ ನನಗೆ ಬರೆಯಲು ಬರುವುದಿಲ್ಲ.

ಫೆಬ್ರುವರಿಯಲ್ಲಿ ನೀನು ಫೋನ್ ಮಾಡಿ ಪ್ರೇಕ್ಷಾಳ ಗುಳಿಗೆ ಬದಲಾಯಿಸಿದೆ ಎಂದೆ. ಎರಡು ವರ್ಷದಿಂದ ತಿನ್ನುತ್ತಿದ್ದ ಕಂಪನಿ ಗುಳಿಗೆ, ಗುಲಾಬಿ ಬಣ್ಣದ್ದು, ಹೊಳೆಯುವ ಪೆಟ್ಟಿಗೆಯಲ್ಲಿ ಬರುವುದು, ಅದನ್ನು ಬಿಟ್ಟು ಬಿಳೀ ಗುಳಿಗೆ. ಜನರಿಕ್ ಅಂತೆ. ಔಷಧಿ ಅದೇ ಆಯಿ, ಮೇಲಿನ ಹೆಸರು ಮಾತ್ರ ಬೇರೆ, ಡಾಕ್ಟರೇ ಆಗಬಹುದು ಅಂದ್ರು ಎಂದೆ. ಡಿಸೆಂಬರಿನಲ್ಲಿ ಕಾರವಾರದಲ್ಲೆಲ್ಲೂ ಕಂಪನಿ ಗುಳಿಗೆ ಸಿಗದೆ ಹುಬ್ಬಳ್ಳಿಯಿಂದ ತರಿಸಬೇಕಾಯಿತು, ಇದು ಯಾವಾಗಲೂ ಸಿಗುತ್ತದೆ, ಬೆಲೆಯೂ ಕಾಲುಭಾಗ, ಉಳಿದಿದ್ದರಲ್ಲಿ ಹುಡುಗಿಯನ್ನು ಹಾರ್ಮೋನಿಯಂ ಕ್ಲಾಸಿಗೆ ಸೇರಿಸಿದೆ ಎಂದೆ. ನಾನು ಏನು ಹೇಳಿದೆ ನೆನಪಿದೆಯಲ್ಲ? ಮಗುವಿನ ತಲೆಯೊಳಗೆ ಉಳಿತಾಯ ಮಾಡಿ ಪೆಟ್ಟಿಗೆ ಬಾರಿಸ್ತೀರಾ ಎಂದು ಕೇಳಿದೆ. ನಿನ್ನ ಅತ್ತೆ ಪಕ್ಕದಲ್ಲೇ ಇದ್ದಾರೆ, ಸ್ಪೀಕರ್ ಹಾಕಿದ್ದೀಯ ಎಂದು ಗೊತ್ತಿದ್ದೇ ಕೇಳಿದೆ.

ಆ ಡಾಕ್ಟರನ್ನು ನಾನು ನೋಡಿದ್ದೇನೆ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಮಾತಾಡುವಾಗ ರೋಗಿಯ ಮುಖ ನೋಡುತ್ತಾನೆ, ಗೋಡೆಯ ಮೇಲೆ ಸರ್ಟಿಫಿಕೇಟು ಕೂಡ ಒಂದೇ. ಹಿಂದಿನ ಡಾಕ್ಟರರು ಹೇಗಿದ್ದರು! ತಲೆ ಎತ್ತುತ್ತಿರಲಿಲ್ಲ, ಚೀಟಿ ಬರೆದು ಎಸೆಯುತ್ತಿದ್ದರು, ಯಾರಿಗೂ ಓದಲು ಬರುತ್ತಿರಲಿಲ್ಲ. ಅದಕ್ಕೆ ಡಾಕ್ಟರಿಕೆ ಎನ್ನುತ್ತಾರೆ. ಇವನು ನಿಮಗೆ ಅನುಕೂಲ ಆಗೂದು ಹ್ಯಾಗೆ ಅಂತ ನೋಡುವಾ ಎಂದು ಕೇಳುತ್ತಾನಂತೆ. ಅನುಕೂಲ ನೋಡಲು ಇವನೇನು ಮದುವೆ ದಲ್ಲಾಳಿಯೋ?

ಇನ್ನು ನಿನ್ನ ಗಂಡ. ಗುಳಿಗೆ ಬದಲಾದಾಗ ಜನರಿಕ್ ಅಂದರೆ ಏನು ಎಂದು ನನಗೆ ಮೊಬೈಲಿನಲ್ಲಿ ನಾಲ್ಕು ವಿಡಿಯೋ ಕಳಿಸಿದ್ದ ಶಾಣ್ಯಾ. ಮೊನ್ನೆ ಗುರುವಾರ ಹುಡುಗಿ ಶಾಲೆಯ ಪ್ರಾರ್ಥನೆಯಲ್ಲಿ ಬಿದ್ದ ಕೂಡಲೇ ಜನರಿಕ್ ಅಂದರೆ ವಿಷ ಎಂದು ಐದನೆಯದು ಕಳಿಸಿದ. ಕಿನ್ನರ ಊರಿನಲ್ಲಿರುವ ತನ್ನ ಅಕ್ಕನಿಗೂ ಕಳಿಸಿದನಂತೆ, ನನ್ನ ಹೆಂಡ್ತಿ ಮಾತು ಕೇಳಿ ಹೀಂಗಾಯ್ತು ಎಂದು ಮೇಲೆ ಬರೆದು. ಫೆಬ್ರುವರಿಯಲ್ಲಿ ಅಂಗಡಿಗೆ ಹೋಗಿ ಆ ಗುಳಿಗೆ ತಂದವನು ಅವನೇ ಅಲ್ಲವೋ? ಹುಡುಗಿ ಚೆನ್ನಾಗಿದ್ದರೆ ಅವನ ಬುದ್ಧಿ, ಬಿದ್ದರೆ ನಿನ್ನ ಬುದ್ಧಿ. ಥೂ, ಇಂಥವನಿಗೆ ನಾನು ಕೈಯಾರೆ ಧಾರೆ ಎರೆದೆ.

ಬಿಳೀ ಗುಳಿಗೆಯನ್ನು ನಾನು ಏಕೆ ಅಷ್ಟು ಕೀಳಾಗಿ ಕಂಡೆ ಎಂದು ನೀನು ಎಷ್ಟೋ ಸಲ ಕೇಳಿದ್ದೀಯ. ನನ್ನ ಅಂಗನವಾಡಿಗೆ ಬರುತ್ತಿದ್ದ ಸರಕಾರಿ ಕಬ್ಬಿಣದ ಗುಳಿಗೆಯನ್ನು ಬಸುರಿಯರಿಗೆಲ್ಲ ಹಂಚುತ್ತಿದ್ದೆ, ತಪ್ಪದೆ ನುಂಗಿ ಎಂದು ಭಾಷಣ ಮಾಡುತ್ತಿದ್ದೆ. ನೀನು ಹೊಟ್ಟೆಯಲ್ಲಿದ್ದಾಗ ನಾನು ಒಂದನ್ನೂ ನುಂಗಲಿಲ್ಲ. ನನ್ನ ಪಾಲಿನದನ್ನು ಹಿತ್ತಲಿನ ಅಬ್ಬಲಿಗೆ ಗಿಡದ ಬುಡಕ್ಕೆ ಹಾಕಿ, ಅಂಕೋಲೆಯ ಮೆಡಿಕಲ್ಲಿನಿಂದ ಕಂಪನಿ ಟಾನಿಕ್ ತರಿಸಿ ಕುಡಿದೆ. ಅವರಿಗೆ ಅದು ಸಾಕು, ನನಗೆ ಸಾಲದು ಎಂದುಕೊಂಡೆ. ಮೀನು ಮಾರುವ ಹೊನ್ನು ಆಗ ಬಸುರಿ, ನನ್ನ ಮಾತು ನಂಬಿ ದಿನಾ ನುಂಗಿದಳು. ಅವಳಿಗೂ ಮಗು ಚೆನ್ನಾಗಿಯೇ ಹುಟ್ಟಿತು. ಈಗಲೂ ಬಾಗಿಲಿಗೆ ಮೀನು ತಂದಾಗ ಅಕ್ಕೋರೆ, ನಿಮ್ಮ ಗುಳಿಗೆಯಿಂದ ನನ್ನ ಕೂಸು ಗಟ್ಟಿ ಆಯ್ತು ಎನ್ನುತ್ತಾಳೆ, ನಾನು ಹೌದೆಂದು ತಲೆ ಆಡಿಸುತ್ತೇನೆ. ಹಂಚಿದವಳಿಗೇ ನಂಬಿಕೆಯಿಲ್ಲದ ಮೇಲೆ ಮೊಮ್ಮಗಳಿಗೆ ಹೇಗೆ ಕೊಡಲಿ?

ಏಪ್ರಿಲ್ ಹನ್ನೆರಡಕ್ಕೆ ನೀನು ಪ್ರೇಕ್ಷಾಳನ್ನು ರಜೆಗೆ ಇಲ್ಲಿ ಬಿಟ್ಟುಹೋದೆ. ಜೊತೆಗೆ ಬಿಳೀ ಗುಳಿಗೆಯ ಪಟ್ಟಿಗಳು, ನಿನ್ನ ಅಕ್ಷರದಲ್ಲಿ ಒಂದು ಚೀಟಿ. ಬೆಳಿಗ್ಗೆ ಎಂಟಕ್ಕೆ ಒಂದು, ಸಂಜೆ ಎಂಟಕ್ಕೆ ಒಂದು, ಬೇರೆ ಏನೂ ಬೇಡ. ಬೇರೆ ಏನೂ ಬೇಡ ಎಂಬುದಕ್ಕೆ ಎರಡು ಗೆರೆ ಎಳೆದಿದ್ದೆ. ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ನನಗೆ ನನ್ನ ಮಗಳು ಗೆರೆ ಎಳೆದು ಪಾಠ ಹೇಳುವುದು! ಅದನ್ನು ಫ್ರಿಜ್ಜಿಗೆ ಅಂಟಿಸಿ ನೀನು ಬಸ್ಸು ಹತ್ತಿದ ಮೇಲೆ ಎಷ್ಟೋ ಹೊತ್ತು ಅದನ್ನು ನೋಡುತ್ತ ಉರಿದುಹೋದೆ.

ಹುಡುಗಿ ಚೆನ್ನಾಗಿದ್ದಳು, ಸುಳ್ಳು ಹೇಳಬಾರದು. ಎರಡು ತಿಂಗಳಿಂದ ಬಿಳೀ ಗುಳಿಗೆಯನ್ನೇ ತಿಂದು ಬಂದವಳು ಬಂದರಿನ ದಿಬ್ಬದ ಮೇಲೆಲ್ಲ ಕುಣಿದಾಡಿದಳು. ಹಳೇ ಕಂಪನಿ ಗುಳಿಗೆಯ ಸತ್ವ ಮೈಯಲ್ಲಿ ಇನ್ನೂ ಉಳಿದಿದೆ, ಅದು ಮುಗಿದ ದಿನ ಬೀಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಬಾವಿಕಟ್ಟೆಯ ಹತ್ತಿರ ಹೋದರೆ ನಾನು ಹಿಂದೆಯೇ ಓಡುತ್ತಿದ್ದೆ.

ಮಂಗಳವಾರ ಅಮ್ಮನ ಗುಡಿಗೆ ಹೋದೆ. ನೀನು ಇಂಥದನ್ನೆಲ್ಲ ನಂಬುವುದಿಲ್ಲ, ಆದರೆ ನಿನ್ನ ಮದುವೆಗೂ, ಈ ಮನೆಯ ಬಾವಿಗೂ ಪ್ರಸಾದ ಕೇಳಿಯೇ ಮುಂದೆ ಹೋದದ್ದು. ಗುಡಿಯ ಪೂಜಾರಿ ಗುನಗ ಕಾಶಿ ಆರತಿ ಮುಗಿಸಿ ಕೂತಿದ್ದ. ಅಮ್ಮನ ಮೈಗೆ ಎಡಕ್ಕೂ ಬಲಕ್ಕೂ ಒದ್ದೆ ಹೂವಿನ ಎಸಳು ಹಚ್ಚು, ಗುಳಿಗೆಗೆ ಪ್ರಸಾದ ಕೇಳಬೇಕು ಎಂದೆ. ಅಕ್ಕೋರೆ, ಲಗ್ನಕ್ಕೆ ಕೇಳೂದು ಅದೆ, ಜಾಗಕ್ಕೆ ಕೇಳೂದು ಅದೆ, ಗುಳಿಗೆಗೆ ಯಾರೂ ಕೇಳ್ಲಿಲ್ಲ, ಡಾಕ್ಟರ ಹತ್ರಾನೇ ಒಂದು ಮಾತು ಕೇಳುಕೆ ಆಗೂದಿಲ್ವಾ ಎಂದ. ಏಳನೇ ಇಯತ್ತೆಯಲ್ಲಿ ಎರಡು ಸಲ ಕೂತವನು ನನಗೆ ಡಾಕ್ಟರ ದಾರಿ ತೋರಿಸುತ್ತಾನೆ. ಹಚ್ಚು ಅಂದ್ರೆ ಹಚ್ಚು ಎಂದೆ. ಹಚ್ಚಿದ.

ಕಂಪನಿ ಗುಳಿಗೆ ಕೊಡಲೋ ಅಮ್ಮಾ ಎಂದು ಕೇಳಿದೆ. ಬಲಗಡೆಯ ಎಸಳು ಬಿತ್ತು, ಕೊಡು ಎಂದಾಯಿತು. ಹಾಗಾದರೆ ಬಿಳಿಯದನ್ನು ನಿಲ್ಲಿಸಲೋ ಎಂದು ಕೇಳಿದೆ. ಅದೂ ಬಲಕ್ಕೇ ಬೀಳುತ್ತದೆ ಎಂದುಕೊಂಡಿದ್ದೆ. ಎಡಗಡೆಯದು ಬಿತ್ತು. ನಿಲ್ಲಿಸಬೇಡ. ಇನ್ನೊಮ್ಮೆ ಹಚ್ಚಿಸಿದೆ, ಮತ್ತೂ ಎಡಕ್ಕೆ. ಕಾಶಿ ಇನ್ನು ಸಾಕು, ಅಮ್ಮನ್ನ ಪೀಡಿಸ್ಬಾರ್ದು ಎಂದ. ದಾರಿಯಲ್ಲಿ ಬರುವಾಗ ಯೋಚಿಸಿದೆ. ಇದನ್ನೂ ಕೊಡು, ಅದನ್ನೂ ಬಿಡಬೇಡ. ಎರಡೂ ಕೊಡು ಎಂದೇ ಅಲ್ಲವೇ ಅರ್ಥ?

ಈಗ ಕುರ್ಚಿಯಲ್ಲಿ ಸರಿಯಾಗಿ ಕೂತುಕೋ ರಂಜನಾ. ಎರಡೂ ಕೊಟ್ಟೆ.

ಏಪ್ರಿಲ್ ಹದಿನೈದರ ಸಂಜೆಯಿಂದ ಮೇ ಹದಿನೆಂಟರ ಬೆಳಗಿನವರೆಗೆ, ಬೆಳಿಗ್ಗೆ ಒಂದು ಬಿಳಿ ಒಂದು ಗುಲಾಬಿ, ಸಂಜೆ ಒಂದು ಬಿಳಿ ಒಂದು ಗುಲಾಬಿ. ಒಂದು ದಿನವೂ ತಪ್ಪಿಸಲಿಲ್ಲ. ಹೋದ ವರ್ಷದ ಹಳೇ ಚೀಟಿ ನನ್ನ ಹತ್ತಿರ ಇತ್ತು, ಅಂಕೋಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ಲಿನಲ್ಲಿ ಅದನ್ನು ತೋರಿಸಿ ಕಂಪನಿ ಗುಳಿಗೆ ತಂದೆ. ಎರಡೂ ಕೊಟ್ಟರೆ ಹೆಚ್ಚಾಗುತ್ತದೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಏಕೆಂದರೆ ನನ್ನ ಲೆಕ್ಕದಲ್ಲಿ ಬಿಳಿಯದು ಗುಳಿಗೆಯೇ ಅಲ್ಲ. ಅದು ಚಾಕ್‌ಪುಡಿ. ಚಾಕ್‌ಪುಡಿ ಒಂದು ತಿಂದರೇನು, ಎರಡು ತಿಂದರೇನು? ನಿನ್ನ ಮಾತೂ ಉಳಿಯಿತು, ಅಮ್ಮನ ಮಾತೂ ಉಳಿಯಿತು, ಮಗುವೂ ಉಳಿಯಿತು ಎಂದು ನೆಮ್ಮದಿಯಿಂದ ಮಲಗಿದೆ. ಇಷ್ಟು ಜಾಣತನ ನನ್ನಲ್ಲಲ್ಲದೆ ಬೇರೆ ಯಾರಲ್ಲಿ ಇರುತ್ತದೆ.

ಮೂರನೇ ವಾರಕ್ಕೆ ಹುಡುಗಿ ಮಂಕಾದಳು. ಊಟದ ಬಟ್ಟಲ ಮುಂದೆ ಕೂತಲ್ಲೇ ತೂಕಡಿಸುವಳು. ಚೆಂಬು ಎತ್ತಿದರೆ ಕೈ ನಡುಗಿ ನೀರು ಚೆಲ್ಲುವುದು. ಎರಡು ದಿನ ವಾಂತಿ ಮಾಡಿಕೊಂಡಳು. ಹೊನ್ನು ನೋಡಿ, ಅಕ್ಕೋರೆ, ಕೂಸಿನ ಕಣ್ಣೇ ಮೇಲೆ ಏಳೂದಿಲ್ಲ ಅಲ್ಲಾ, ಎಂಥದೋ ಆಗದೆ, ತಾಯಿಗೆ ಫೋನ್ ಮಾಡಿ ಎಂದಳು. ನಾನು ಅವಳಿಗೆ ಮೀನು ಕೊಟ್ಟಾಯ್ತಲ್ಲ, ನಡೆ ಎಂದೆ. ಆದರೆ ಫೋನ್ ಮಾಡಿದೆ. ಏನೆಂದು ಮಾಡಿದೆ? ನೋಡು ನಿನ್ನ ಚಾಕ್‌ಪುಡಿಯ ಪ್ರತಾಪ, ಬಂದು ಕರಕೊಂಡು ಹೋಗು ಎಂದು ಮಾಡಿದೆ. ಖರೆ ಹೇಳುತ್ತೇನೆ, ನನ್ನ ಮಗು ನಡುಗುತ್ತಿದ್ದಾಗಲೂ ನನ್ನ ಮನಸ್ಸಿನ ಒಂದು ಮೂಲೆಗೆ ಖುಷಿಯಾಗಿತ್ತು. ಗೆದ್ದೆ ಎಂದು.

ಮೇ ಹದಿನೆಂಟಕ್ಕೆ ನೀನು ಬಂದು ಜಗಲಿಯ ಮೇಲೆ ಬಿಳೀ ಗುಳಿಗೆಯ ಪಟ್ಟಿಗಳನ್ನು ಹರಡಿಕೊಂಡು ಖಾಲಿ ಕಂಡಿಗಳನ್ನು ಎಣಿಸಿದೆ. ಒಂದೂ ಹೆಚ್ಚುಕಡಿಮೆ ಇರಲಿಲ್ಲ. ಕಂಪನಿ ಗುಳಿಗೆಯ ಪಟ್ಟಿಗಳು ಅಕ್ಕಿ ಡಬ್ಬಿಯಲ್ಲಿದ್ದವು. ನೀನು ಹೋದ ಮೇಲೆ ಬಚ್ಚಲ ಒಲೆಗೆ ಹಾಕಿದೆ. ಡಬ್ಬಿಯಲ್ಲಿ ಏಕೆ ಇಟ್ಟೆ, ಒಲೆಗೆ ಏಕೆ ಹಾಕಿದೆ ಎಂದು ಕೇಳಬೇಡ. ಕಳ್ಳತನ ಅಲ್ಲವೆಂದು ನಂಬಿದವಳು ಅಡಗಿಸುವುದಿಲ್ಲ ಎಂಬುದು ನನಗೂ ಗೊತ್ತಿದೆ.

ಮೇ ಇಪ್ಪತ್ತೆರಡಕ್ಕೆ ಡಾಕ್ಟರ್ ತೆಗೆಸಿದ ರಕ್ತದ ರಿಪೋರ್ಟ್ ಬಂತು. ನೀನು ಫೋನಿನಲ್ಲಿ ಓದಿ ಹೇಳಿದೆ. ರಕ್ತದಲ್ಲಿ ಫಿಟ್ಸಿನ ಔಷಧಿ ಇರಬೇಕಾದದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಅದೆ ಆಯಿ, ನೀನು ಸರಿಯಾಗಿಯೇ ಕೊಟ್ಟಿದ್ದೀ ಅಲ್ಲಾ ಎಂದು ಕೇಳಿದೆ. ನಾನು ಎಂಥಾ ಪ್ರಶ್ನೆ ಕೇಳ್ತಿ ಎಂದು ರೇಗಿದೆ. ನೀನು ಕ್ಷಮೆ ಕೇಳಿದೆ.

ಫೋನ್ ಇಟ್ಟು ಅಡಿಗೆಮನೆಯಲ್ಲಿ ನಿಂತೆ. ಚಾಕ್‌ಪುಡಿ ರಕ್ತದಲ್ಲಿ ಔಷಧಿಯಾಗಿ ಕಾಣಿಸುವುದಿಲ್ಲ ರಂಜನಾ. ಅದಕ್ಕೆ ಬಿ.ಎಸ್ಸಿ. ಬೇಡ, ಅಂಗನವಾಡಿಯ ಮಕ್ಕಳಿಗೂ ತಿಳಿಯುತ್ತದೆ. ಕಂಪನಿಯದು ಒಂದು ಪಾಲು, ಮತ್ತೊಂದು ಪಾಲು ಎಲ್ಲಿಂದ ಬಂತು? ಆ ಬಿಳೀ ಗುಳಿಗೆಯಿಂದ. ಅಂದರೆ ಅದು ಗುಳಿಗೆಯೇ. ಅದರಲ್ಲಿ ಇರಬೇಕಾದದ್ದು ಇದೆ. ಫೆಬ್ರುವರಿಯಿಂದ ಮಗುವನ್ನು ಕಾಪಾಡಿದ್ದೂ ಅದೇ, ಹಳೇ ಸತ್ವವಲ್ಲ. ನಾನು ಕಾಲಕಸ ಎಂದು ಕಂಡಿದ್ದು ಸರಿಯಾದ ಔಷಧಿಯಾಗಿತ್ತು, ಅದರ ಮೇಲೆ ನಾನು ಅಷ್ಟೇ ಔಷಧಿಯನ್ನು ಮತ್ತೆ ಸುರಿದೆ. ನಿಂತಲ್ಲೇ ಎಲ್ಲ ಗೊತ್ತಾಯಿತು. ಆ ದಿನವೇ ಗೊತ್ತಾಯಿತು.

ಅವತ್ತೇ ಹೇಳಿದ್ದರೆ? ಹೇಳಲಿಲ್ಲ. ಸೂರಜನ ಮುಂದೆ, ಅವನ ತಾಯಿಯ ಮುಂದೆ, ಆ ಮೀಸೆ ಬಾರದ ಹುಡುಗನ ಮುಂದೆ ಗಂಗೂ ಟೀಚರ್ ತಪ್ಪು ಮಾಡಿದಳು ಎಂದು ಆಗುವುದು ನನಗೆ ಬೇಡವಿತ್ತು. ಹುಡುಗಿ ನಿನ್ನ ಮನೆಗೆ ಹೋದಳು, ಇನ್ನು ಗುಲಾಬಿಯದು ಸಿಗುವುದಿಲ್ಲ, ತಾನೇ ಸರಿಹೋಗುತ್ತದೆ, ಊರಿಗೆಲ್ಲ ಡಂಗುರ ಏಕೆ ಎಂದುಕೊಂಡೆ. ಹಾಗೇ ಆಯಿತು. ವಾರದಲ್ಲಿ ಗೆಲುವಾದಳು. ಆಯಿ, ನಿನ್ನ ಕೈತುತ್ತು ತಪ್ಪಿದ್ದಕ್ಕೆ ತೆಳ್ಳಗಾಗಿದ್ದಾಳೆ ಅಷ್ಟೇ ಎಂದು ನೀನು ತಮಾಷೆ ಮಾಡಿದೆ.

ಆದರೆ ಆ ರಿಪೋರ್ಟ್ ನಂಬಿ ಡಾಕ್ಟರ್ ಏನು ಮಾಡಿದ? ನೀನು ಲೆಕ್ಕ ಸರಿಯಾಗಿದೆ ಎಂದು ಪ್ರಮಾಣ ಮಾಡಿ ಹೇಳಿದ್ದೀಯ. ಹಾಗಾದರೆ ಈ ಹುಡುಗಿಯ ಮೈಗೆ ಈ ಔಷಧಿ ಹೆಚ್ಚು ಹಿಡಿಯುತ್ತದೆ ಎಂದು ತಿಳಿದು ಗುಳಿಗೆಯನ್ನು ಅರ್ಧಕ್ಕೆ ಇಳಿಸಿದ. ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು. ಅರ್ಧ ಸಾಲಲಿಲ್ಲ. ಹದಿನಾಲ್ಕು ತಿಂಗಳು ಸುಮ್ಮನಿದ್ದ ಫಿಟ್ಸ್ ಮೊನ್ನೆ ಇಡೀ ಶಾಲೆಯ ಮುಂದೆ ಅವಳನ್ನು ನೆಲಕ್ಕೆ ಕೆಡವಿತು, ನಾಲಿಗೆ ಕಡಿದುಕೊಂಡಳು. ಅಗ್ಗದ ಗುಳಿಗೆ ಕೆಡವಿದ್ದಲ್ಲ. ನೀನು ಕೆಡವಿದ್ದಲ್ಲ. ನಾನು ಕೆಡವಿದ್ದು. ಮೇ ಇಪ್ಪತ್ತೆರಡರಿಂದ ಜೂನ್ ಹತ್ತೊಂಬತ್ತರವರೆಗೆ ಒಂದೊಂದು ದಿನ ಬಾಯಿ ಮುಚ್ಚಿಕೊಂಡು ಕೂತು ಕೆಡವಿದ್ದು.

ಸೋಮವಾರ ಅವನು ಈ ಗುಳಿಗೆ ಇವಳಿಗೆ ಹೊಂದುವುದಿಲ್ಲ, ಇನ್ನೊಂದು ಜೋರಿನದನ್ನು ಶುರು ಮಾಡುವಾ, ತಿಂಗಳಿಗೊಮ್ಮೆ ರಕ್ತ ತೆಗೆದು ನೋಡುವಾ ಎನ್ನುತ್ತಾನೆ ಎಂದು ನೀನೇ ಹೇಳಿದೆ. ಬೇಡದ ಔಷಧಿಯನ್ನು ಎಂಟು ವರ್ಷದ ಹುಡುಗಿ ಇನ್ನೆಷ್ಟು ವರ್ಷ ತಿನ್ನಬೇಕೋ ಏನೋ, ನನ್ನ ಮರ್ಯಾದೆ ಉಳಿಸುವುದಕ್ಕೆ. ಅದಕ್ಕೇ ಬರೆಯುತ್ತಿದ್ದೇನೆ. ಈ ಪತ್ರವನ್ನೇ ಅವನಿಗೆ ಕೊಡು. ಓದಲು ಹೊತ್ತಿಲ್ಲವೆಂದರೆ ಇಷ್ಟು ಹೇಳು. ಒಂದು ತಿಂಗಳು ಅಜ್ಜಿ ಎರಡೂ ಹೆಸರಿನ ಒಂದೇ ಔಷಧಿ ಕೊಟ್ಟಿದ್ದಾಳೆ, ರಿಪೋರ್ಟಿನಲ್ಲಿ ಕಂಡದ್ದು ಅದು. ಮೆಡಿಕಲ್ಲಿನ ಬಿಲ್ಲುಗಳನ್ನು ಮಾತ್ರ ಸುಡಲಿಲ್ಲ, ಈ ಪತ್ರದ ಒಳಗೆ ಇಟ್ಟಿದ್ದೇನೆ. ಗುಳಿಗೆ ಎಷ್ಟು ಕೊಡಬೇಕೆಂದು ಅವನೇ ನಿರ್ಣಯ ಮಾಡಲಿ, ನೀನಾಗಲಿ ಸೂರಜನಾಗಲಿ ನಡುವೆ ಕೈಹಾಕಬೇಡಿ. ಅಲ್ಲಿಯವರೆಗೆ ಅವನು ಹೇಳಿದಷ್ಟೇ ಕೊಡು. ಇವತ್ತು ಈ ಸಲಹೆ ಕೊಡಲು ನನಗೆ ಯೋಗ್ಯತೆಯಿಲ್ಲ, ಆದರೂ ಕೊಡುತ್ತೇನೆ.

ಅಮ್ಮನ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ. ಅಮ್ಮನ ಮುಂದೆ ನಾನು ನಿಜವಾಗಿ ಕೇಳಬೇಕಿದ್ದ ಪ್ರಶ್ನೆ ಒಂದೇ. ಮಗಳ ಮಾತು ಕೇಳಲೋ ಬೇಡವೋ ಎಂದು. ಅದನ್ನು ಕೇಳಲಿಲ್ಲ, ಬಲಕ್ಕೆ ಬಿದ್ದರೆ ಎಂಬ ಹೆದರಿಕೆ. ಕಾಶಿ ಹೇಳಿದ್ದೇ ಸರಿಯಿತ್ತು. ಅವನು ದಾರಿಯಲ್ಲಿ ಸಿಕ್ಕಾಗಲೆಲ್ಲ ಕೂಸು ಹ್ಯಾಗದೆ ಅಕ್ಕೋರೆ ಎಂದು ಕೇಳುತ್ತಾನೆ, ನಾನು ಕೇಳಿಸದವಳ ಹಾಗೆ ನಡೆಯುತ್ತೇನೆ. ಊರೆಲ್ಲ ದಡ್ಡರು ಎಂದುಕೊಂಡೇ ಈ ವಯಸ್ಸಿನವರೆಗೆ ಬಂದೆ. ಡಾಕ್ಟರ್ ದಡ್ಡ, ಗುನಗ ದಡ್ಡ, ಹೊನ್ನು ದಡ್ಡಿ, ನೀನು ದಡ್ಡಿ. ಇವರೆಲ್ಲ ಸೇರಿ ಆ ಹುಡುಗಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಶಾಣ್ಯಾತನ ಮಾಡಿದವಳು ಒಬ್ಬಳೇ. ಸೂರಜನನ್ನು ಮಾತ್ರ ಈ ಪಟ್ಟಿಯಿಂದ ತೆಗೆಯುವುದಿಲ್ಲ, ಅವನು ದಡ್ಡನೇ. ಆದರೆ ಅವನು ನಿನ್ನನ್ನು ಬೈದದ್ದು ನನ್ನ ತಪ್ಪಿಗೆ ಎಂದು ಅವನಿಗೂ ತಿಳಿಯಬೇಕು. ಪತ್ರ ಓದಿಸು. ಕಿನ್ನರದ ಅವನ ಅಕ್ಕನಿಗೂ ಬೇಕಾದರೆ ಫೋಟೋ ಹೊಡೆದು ಕಳಿಸಲಿ.

ಪ್ರೇಕ್ಷಾಳಿಗೆ ಇದ್ಯಾವುದೂ ಗೊತ್ತಿಲ್ಲ. ಗುಲಾಬಿ ಗುಳಿಗೆಯನ್ನು ಬಾಳೆಹಣ್ಣಿನ ತುಂಡಿನಲ್ಲಿ ಇಟ್ಟು ಕೊಡುತ್ತಿದ್ದೆ, ಹಣ್ಣೆಂದು ನುಂಗುತ್ತಿದ್ದಳು. ಅವಳಿಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು.

ಮುಂದಿನ ರಜೆಗೆ ಅವಳನ್ನು ಇಲ್ಲಿಗೆ ಕಳಿಸು ಎಂದು ಕೇಳುವುದಿಲ್ಲ. ಕೇಳಬೇಕೆಂದಿದೆ, ಆದರೂ ಕೇಳುವುದಿಲ್ಲ. ನೀನು ಮಗುವಿಗೆ ವಿಷ ಹಾಕಲಿಲ್ಲ ರಂಜನಾ. ನೀನು ಎಲ್ಲವನ್ನೂ ಸರಿಯಾಗಿ ಮಾಡಿದ್ದೆ. ಈ ಸಾಲನ್ನು ಎರಡು ಸಲ ಓದು, ನಾನು ಯಾರಿಗೂ ಇಂಥ ಮಾತು ಬರೆದವಳಲ್ಲ.

ನಿನ್ನ ತಪ್ಪು ಹುಡುಕಿ ಹುಡುಕಿ ತನ್ನದನ್ನು ಅಡಗಿಸಿಟ್ಟ
ಆಯಿ,
ಗಂಗೂ

ತಾ.ಕ.: ಪತ್ರ ಮಡಚಿ ಗೋಂದು ಹಚ್ಚಿದವಳು ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಬಾಳೆಹಣ್ಣಿನ ಮಾತು ಸುಳ್ಳು. ಪ್ರೇಕ್ಷಾಳಿಗೆ ಎಲ್ಲ ಗೊತ್ತಿದೆ. ಮೊದಲ ದಿನವೇ ಅಜ್ಜೀ, ಆಯಿ ಒಂದೇ ಅಂತ ಬರ್ದಿದ್ದಾಳಲ್ಲ, ಎರಡು ಎಂತಕೆ ಎಂದು ಫ್ರಿಜ್ಜಿನ ಚೀಟಿ ತೋರಿಸಿ ಕೇಳಿದಳು. ಅವಳ ಕೈಯನ್ನು ನನ್ನ ತಲೆಯ ಮೇಲೆ ಇರಿಸಿ ಆಣೆ ಮಾಡಿಸಿದೆ. ಯಾರಿಗಾದರೂ ಹೇಳಿದರೆ ಅಜ್ಜಿ ಸಾಯುತ್ತಾಳೆ ಎಂದೆ. ಡಾಕ್ಟರ್ ಅವಳನ್ನು ಅಜ್ಜಿಮನೆಯಲ್ಲಿ ಬೇರೆ ಗುಳಿಗೆ ಏನಾದರೂ ತಿಂದ್ಯಾ ಎಂದು ಎರಡು ಸಲ ಕೇಳಿದನೆಂದೂ, ಅವಳು ತಲೆ ಅಲ್ಲಾಡಿಸಿ ಸುಮ್ಮನೆ ಅತ್ತಳೆಂದೂ, ಅಳೂದು ಎಂತಕೆ ಎಂದು ಸೂರಜ್ ಗದರಿದನೆಂದೂ ನೀನೇ ಹೇಳಿದ್ದೆ. ನಿನ್ನೆ ಮೂರನೇ ಸಲ ಫೋನ್ ಮಾಡಿದಾಗ ನೀನು ಕಣ್ಣೊರೆಸಿಕೊಳ್ಳುವಷ್ಟು ಹೊತ್ತು ಅವಳ ಕೈಗೆ ಕೊಟ್ಟೆಯಲ್ಲ, ಬಾತ ನಾಲಿಗೆಯಲ್ಲಿ ಮೆಲ್ಲಗೆ ಒಂದೇ ಮಾತು ಹೇಳಿದಳು. ಅಜ್ಜೀ, ನಾನು ಬಿದ್ದರೂ ಯಾರಿಗೂ ಹೇಳ್ಲಿಲ್ಲ, ನೀ ಸಾಯೂದಿಲ್ಲ ಅಲ್ಲಾ? ನನ್ನನ್ನು ಬೈಯುವುದು ಆಮೇಲೆ. ಮೊದಲು ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳು, ಹೇಳಿದವಳು ಅಜ್ಜಿಯೇ, ಅಜ್ಜಿ ಸತ್ತಿಲ್ಲ, ಗಟ್ಟಿಯಾಗಿ ಕೂತು ಪತ್ರ ಬರೆದಿದ್ದಾಳೆ ಎಂದು.